ದನಿ ನಂದು, ಹಾಡಿದಾಕಿ ನಾನಲ್ಲ

ಮೆಕ್ಕೆಜೋಳದ ಧೂಳಿನ ವಾಸನೆ ಮೂಗಿಗೆ ಬಡಿದರೆ ನನಗೆ ಚುನಾವಣೆ ನೆನಪಾಗುತ್ತದೆ. ಹೋದ ತಿಂಗಳು ಹರಪನಹಳ್ಳಿಯಲ್ಲಿ ಮಾರುಕಟ್ಟೆಯ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿಗೆ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಹಳದಿ ಧೂಳು ಗಾಳಿಗೆ ಎದ್ದು ಸೀದಾ ನಮ್ಮ ಮುಖಕ್ಕೇ ಬಂತು. ಪಕ್ಕದಲ್ಲಿದ್ದವರು ಸೆರಗು, ಟವೆಲು ಮೂಗಿಗೆ ಹಿಡಿದುಕೊಂಡರು. ನಾನು ಸುಮ್ಮನೆ ನಿಂತಿದ್ದೆ. ಆ ವಾಸನೆಯೊಳಗೆ ಒಂದು ಬೇಸಿಗೆ ಪೂರ್ತಿ ಕೂತು ಕೆಲಸ ಮಾಡಿದವಳು ನಾನು. ಪತ್ರಿಕೆಯ ಕೆಲಸದಲ್ಲಿ ನೀನೇನು ಮಾಡಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮೊದಲು ನಾಲಿಗೆಗೆ ಬರುವುದು ಆ ಬೇಸಿಗೆಯ ಮಾತೇ.

ನಮ್ಮದು ಕೊಟ್ಟೂರಿನಿಂದ ಹೊರಡುವ ಸಣ್ಣ ದಿನಪತ್ರಿಕೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕು ದಾಟಿದರೆ ಅದರ ಹೆಸರು ಯಾರಿಗೂ ಗೊತ್ತಿಲ್ಲ. ಈ ಐದರೊಳಗೆ ಗೊತ್ತಿಲ್ಲದವರಿಲ್ಲ. ಮಾಲೀಕರು ಕೊಟ್ರಪ್ಪನವರು ಮೂಲತಃ ಕಾಳಿನ ವ್ಯಾಪಾರಿ. ಕೆಳಗೆ ಅವರ ಮೆಕ್ಕೆಜೋಳದ ಗೋದಾಮು, ಮೇಲೆ ಪತ್ರಿಕೆಯ ಕಚೇರಿ. ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ಕೆಳಗೆ ಚೀಲ ಝಾಡಿಸಿದರೆ ಮೇಲೆ ಕಂಪ್ಯೂಟರಿನ ಮೇಲೆ ಧೂಳು ಕೂರುತ್ತಿತ್ತು. ಅದನ್ನು ಒರೆಸಿ ಒರೆಸಿಯೇ ನಾವು ಜಗತ್ತಿನ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದೆವು.

ನಾನು ಅಭಿಪ್ರಾಯ ಪುಟದ ಸಂಪಾದಕಿ. ಹುಟ್ಟಿ ಬೆಳೆದದ್ದು ಹಡಗಲಿಯಲ್ಲಿ. ಬಳ್ಳಾರಿಯ ದೊಡ್ಡ ಪತ್ರಿಕೆಯೊಂದರಲ್ಲಿ ಕೆಲ ಕಾಲ ಕೆಲಸ ಮಾಡಿ, ಅಲ್ಲಿ ನನ್ನ ಪುಟಕ್ಕೆ ಏನು ಬರಬೇಕೆಂದು ಬೇರೆಯವರೇ ತೀರ್ಮಾನಿಸುವುದು ಬೇಸರವಾಗಿ ಕೊಟ್ಟೂರಿಗೆ ಬಂದಿದ್ದೆ. ಸಾವ್ಕಾರರಿಗೆ ಮೊದಲ ದಿನವೇ ಹೇಳಿದ್ದೆ. ಏನಾಯಿತು ಎಂದು ಹೇಳುವುದು ಸುದ್ದಿ ಪುಟದವರ ಕೆಲಸ. ನನ್ನ ಪುಟದಲ್ಲಿ ಬರೆಯುವವರು ತಮಗೇನನ್ನಿಸಿತು ಎಂದು ಹೇಳಿ ಕೆಳಗೆ ತಮ್ಮ ಹೆಸರು, ಊರು ಹಾಕಬೇಕು. ಹೆಸರು ಹಾಕಲು ಒಪ್ಪದವರ ಮಾತು ಎಷ್ಟೇ ಚೆನ್ನಾಗಿದ್ದರೂ ಬೇಡ. ಯಾರ ಮೇಲೆ ಬರೆದಿದ್ದಾರೋ ಅವರು ಉತ್ತರ ಕೊಟ್ಟರೆ ಅದೇ ಪುಟದಲ್ಲಿ ಅಷ್ಟೇ ಜಾಗ ಕೊಡಬೇಕು. ಸಾವ್ಕಾರರು ಎಲ್ಲಕ್ಕೂ ತಲೆಯಾಡಿಸಿ, ಪುಟ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಸಿರೆಂದರು.

ಪತ್ರಿಕೆ ಬಿಟ್ಟರೆ ನನ್ನ ಇನ್ನೊಂದು ಬದುಕು ಸಂಗೀತ. ಚಿಕ್ಕವಳಿದ್ದಾಗ ಹಡಗಲಿಯಲ್ಲಿ ಒಬ್ಬ ಮೇಷ್ಟ್ರ ಬಳಿ ಹಿಂದೂಸ್ತಾನಿ ಕಲಿತೆ. ಅವರು ಬಹಳ ದಿನ ನನ್ನನ್ನು ಹಾಡಿಸಲೇ ಇಲ್ಲ. ಸುಮ್ಮನೆ ತಂಬೂರಿಯ ಮುಂದೆ ಕೂರಿಸಿ ಕೇಳು ಅನ್ನುತ್ತಿದ್ದರು. ನಾನು ದೊಡ್ಡ ಗಾಯಕಿಯಾಗಲಿಲ್ಲ, ಕಿವಿ ಮಾತ್ರ ತಯಾರಾಯಿತು. ಒಂದು ಲೇಖನ ಓದುವಾಗ ಬರೆದವರು ತಮ್ಮ ಮಾತು ಬಿಟ್ಟು ಯಾರದೋ ಮಾತು ಆಡತೊಡಗಿದರೆ, ಅಪಸ್ವರ ಕೇಳಿದಂತೆ ಅಲ್ಲಿ ನಿಲ್ಲುತ್ತೇನೆ. ಸಂಪಾದಕಿಯಾಗಿ ನನ್ನ ಬಂಡವಾಳ ಅದೇ. ಹಾಗೆಯೇ ಸಂಗೀತದ ಬಗ್ಗೆ ನನ್ನದೊಂದು ಗಟ್ಟಿ ನಿಲುವಿತ್ತು: ಹಾಡುವವರು ರಾಜಕಾರಣದ ವೇದಿಕೆ ಹತ್ತಬಾರದು. ಊರಿನ ಎಲ್ಲರೂ ಕಣ್ಣು ಮುಚ್ಚಿ ಕೇಳುವ ದನಿ ಒಂದು ಪಕ್ಷಕ್ಕೆ ಹಾಡಿತೆಂದರೆ ಮರುದಿನದಿಂದ ಅರ್ಧ ಊರು ಕಿವಿ ಮುಚ್ಚಿಕೊಳ್ಳುತ್ತದೆ.

ಆ ವರ್ಷ ವಿಧಾನಸಭೆ ಚುನಾವಣೆ ಬಂದದ್ದು ಉರಿಬಿಸಿಲಿನಲ್ಲಿ. ಮಧ್ಯಾಹ್ನ ಕೊಟ್ಟೂರಿನ ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ, ಪ್ರಚಾರದ ಆಟೋಗಳು ಮಾತ್ರ ಓಡಾಡುತ್ತಿದ್ದವು. ಒಂದೊಂದಕ್ಕೂ ಎರಡೆರಡು ಧ್ವನಿವರ್ಧಕ. ಸಿನಿಮಾ ಧಾಟಿಗೆ ಅಭ್ಯರ್ಥಿಯ ಹೆಸರು ಕಟ್ಟಿದ ಹಾಡುಗಳು ಬೆಳಗಿನಿಂದ ಸಂಜೆಯವರೆಗೆ. ಅವುಗಳ ನಡುವೆ ಒಂದು ದಿನ ಬೇರೆ ರೀತಿಯ ಹಾಡೊಂದು ಕೇಳಿಸಿತು. ಸೋಬಾನೆ ಧಾಟಿ. ಹೆಂಗಸಿನ ದಪ್ಪ ದನಿ, ಒಣಮಣ್ಣಿನಂತೆ ಸ್ವಲ್ಪ ಒರಟು. ತವರಿನಿಂದ ಹೊರಟ ಮಗಳಿಗೆ ಬುದ್ಧಿ ಹೇಳುವ ಹಾಡಿನ ಧಾಟಿಗೆ, ನಮ್ಮ ಕ್ಷೇತ್ರದ ಅಭ್ಯರ್ಥಿಯೊಬ್ಬರ ಹೆಸರು ಸೇರಿಸಿ ಓಟು ಕೇಳುತ್ತಿತ್ತು. ಅವರು ಈಗಲೂ ರಾಜಕಾರಣದಲ್ಲಿದ್ದಾರೆ, ಹೆಸರು ಇಲ್ಲಿ ಬೇಡ. ಕಚೇರಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಕೇಳಿದರು. ಅದು ತಂಬ್ರಹಳ್ಳಿಯ ಹಾಲಮ್ಮನ ದನಿ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಹಾಲಮ್ಮನನ್ನು ನಾನು ಅಲ್ಲಿಯವರೆಗೆ ಮದುವೆಗಳಲ್ಲಿ ದೂರದಿಂದ ಕಂಡಿದ್ದೆ, ಅಷ್ಟೇ. ಕುರಿ ಸಾಕುವ ಮನೆತನ. ಅರವತ್ತು ದಾಟಿದ, ಎತ್ತರದ, ಹಣೆ ತುಂಬ ಕುಂಕುಮವಿಟ್ಟ ಹೆಂಗಸು. ಮದುವೆಯ ಹಂದರದಲ್ಲಿ ಅವಳು ಬಂದು ಕೂತ ಮೇಲೇ ಅರಿಶಿಣ ಹಚ್ಚಲು ಶುರುಮಾಡುವಷ್ಟು ಅವಳ ಹೆಸರಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು ಕೂಡ. ಸರಿಯಾಗಿ ಮರ್ಯಾದೆ ಮಾಡದ ಮನೆಯಿಂದ ನಡುವೆಯೇ ಎದ್ದು ಹೋದ ಕತೆಗಳಿದ್ದವು. ಇಂಥವಳು ಆಟೋದಲ್ಲಿ ಓಟು ಕೇಳಿದಳಲ್ಲ ಎಂದು ನನಗೆ ಬೇಜಾರಾಯಿತು.

ಅದಾದ ಒಂದೆರಡು ದಿನಕ್ಕೆ ಅವಳೇ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಜೊತೆಗೆ ಸೊಸೆ ರೇಣುಕಾ. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕೊಟ್ಟೆವು, ಮುಟ್ಟಲಿಲ್ಲ. ಪೇಪರಿನಲ್ಲಿ ನಾಲ್ಕು ಮಂದಿಗೆ ತಿಳಿಯುವಂತೆ ಬರೆಯುವವರು ಇಲ್ಲಿ ಯಾರು ಎಂದು ಕೇಳಿ ನನ್ನ ಮೇಜಿನ ಮುಂದೆ ಕೂತಳು.

"ಆಟೋದಾಗ ಹಾಡಾಕ ಹತ್ತೈತಲ್ಲ, ಅದು ದನಿ ನಂದು ತಂಗಿ. ಹಾಡಿದಾಕಿ ನಾನಲ್ಲ."

ನನಗೆ ತಿಳಿಯಲಿಲ್ಲ. ರೇಣುಕಾ ಬಿಡಿಸಿ ಹೇಳಿದಳು. ಅತ್ತೆ ಮದುವೆಗಳಲ್ಲಿ ಹಾಡಿದ್ದನ್ನು ಮಂದಿ ಮೊಬೈಲಿನಲ್ಲಿ ಹಿಡಿದು ಎಲ್ಲ ಕಡೆ ಹಾಕಿದ್ದಾರೆ. ಅದನ್ನು ಕಂಪ್ಯೂಟರಿಗೆ ಕೇಳಿಸಿ, ಅದೇ ದನಿಯಲ್ಲಿ ತಮಗೆ ಬೇಕಾದ ಮಾತು ಹಾಡಿಸಿದ್ದಾರೆ. ಕಾಲೇಜಿಗೆ ಹೋಗುವ ಅವಳ ತಮ್ಮ ಹಾಗೆಂದು ಹೇಳಿದ್ದ. ಊರಿನಲ್ಲಿ ಮಾತ್ರ ಯಾರೂ ನಂಬುತ್ತಿರಲಿಲ್ಲ. ಎಷ್ಟು ರೊಕ್ಕ ಇಸಕಂಡಿ ಎಂದು ಬಾವಿಕಟ್ಟೆಯಲ್ಲಿ ನಕ್ಕಿದ್ದರು. ಕೂಡ್ಲಿಗಿ ಕಡೆಯ ಒಂದು ಮನೆಯವರು ಎದುರು ಪಕ್ಷದವರು, ತಮ್ಮ ಮಗಳ ಮದುವೆಗೆ ಬರುವುದು ಬೇಡವೆಂದು ಹೇಳಿ ಕಳಿಸಿದ್ದರು. ಹಾಲಮ್ಮನಿಗೆ ಜೀವ ಹೋದಂತಾಗಿದ್ದು ಅದಕ್ಕೆ. ಆ ಮನೆಯ ಹುಡುಗಿಯ ತಾಯಿಯ ಮದುವೆಗೂ ಹಾಡಿದವಳು ಅವಳು.

ನಾನು ಮದುವೆಯ ಒಂದು ಹಾಡು ರೇಣುಕಾಳ ಫೋನಿನಲ್ಲಿ ಕೇಳಿದೆ. ಆಮೇಲೆ ಅದೇ ಫೋನಿಗೆ ಬಂದಿದ್ದ ಆಟೋದ ಹಾಡು ಕೇಳಿದೆ. ಮತ್ತೆ ಮದುವೆಯದು. ದನಿ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ಹಾರ್ಮೋನಿಯಂ, ತಂಬೂರಿಯ ಶ್ರುತಿ ಇಲ್ಲದೆ ಹಾಡುವ ಹೆಂಗಸರ ಹಾಡು ಒಂದೊಂದು ನುಡಿಗೂ ಗೊತ್ತಾಗದಂತೆ ತುಸು ತುಸು ಮೇಲಕ್ಕೆ ಏರುತ್ತ ಹೋಗುತ್ತದೆ. ಹುರುಪು ಬಂದಂತೆ ಏರುವ ಶ್ರುತಿ ಅದು. ಹಾಲಮ್ಮನದೂ ಹಾಗೇ ಏರಿತ್ತು. ಆಟೋದ ಹಾಡು ಮಾತ್ರ ಮೊಳೆ ಹೊಡೆದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಜಾಗದಲ್ಲಿ ನಿಂತಿತ್ತು. ಇನ್ನೊಂದು, ಆ ಹಾಡಿನಲ್ಲಿ ಹಾಡುವವಳು ಎಲ್ಲೂ ಉಸಿರು ತೆಗೆದುಕೊಂಡಿರಲಿಲ್ಲ. ತಂಬೂರಿಯ ಮುಂದೆ ಕೂತು ಕೇಳಿದ ವರ್ಷಗಳೆಲ್ಲ ಆ ಮಧ್ಯಾಹ್ನ ಕೈಗೆ ಬಂದಂತಾಯಿತು. ಇದು ಮನುಷ್ಯರು ಹಾಡಿದ್ದಲ್ಲ ಎಂದು ಹೇಳಿದೆ. ಹಾಲಮ್ಮ ಆಗ ನೀರು ಕುಡಿದಳು.

ಮೊದಲು ಅದು ಸುದ್ದಿಯಾಯಿತು. ನಮ್ಮ ವರದಿಗಾರ ಎರಡೂ ಕಡೆ ವಿಚಾರಿಸಿದ. ಅಭ್ಯರ್ಥಿಯ ಪ್ರಚಾರ ನೋಡಿಕೊಳ್ಳುತ್ತಿದ್ದವರು, ಹಾಡಿದ್ದು ಅವಳೇ, ಈಗ ಯಾರೋ ಹೇಳಿಕೊಟ್ಟು ಸುಳ್ಳು ಹೇಳಿಸುತ್ತಿದ್ದಾರೆ ಎಂದರು. ಸುದ್ದಿಯ ನಿಯಮದಂತೆ ಎರಡೂ ಬಂದವು. 'ದನಿ ದುರ್ಬಳಕೆ: ಗಾಯಕಿ ಆರೋಪ' ಎಂದು ಒಳಪುಟದ ಮೂಲೆಯಲ್ಲಿ ಸಣ್ಣದಾಗಿ. ವರದಿಗಾರನದು ತಪ್ಪಿರಲಿಲ್ಲ, ನಾನಾದರೂ ಹಾಗೇ ಬರೆಯುತ್ತಿದ್ದೆ. ಹಾಲಮ್ಮ ಮತ್ತೆ ಬಂದಳು.

"ಆರೋಪ ಅಂದ್ರ ಏನು ತಂಗಿ? ನಾ ಹೇಳಿದ್ದು ಸುಳ್ಳೂ ಇರಬಹುದು ಅಂತಲ್ಲೇನು?"

ಹೌದೆಂದೆ. ಅದನ್ನು ಮುಚ್ಚಿಡಲಾಗಲಿಲ್ಲ. ಸುದ್ದಿಯಲ್ಲಿ ಅಷ್ಟೇ ಆಗುವುದು, ನಿನ್ನ ಮಾತು ನೀನೇ ಹೇಳುವುದಾದರೆ ನನ್ನ ಪುಟ ಇದೆ, ಹೆಸರು ಊರು ಹಾಕಬೇಕು ಎಂದೆ. ನನ್ನ ಹೆಸರು ಐದು ತಾಲ್ಲೂಕಿಗೂ ಗೊತ್ತೈತಿ, ಹಾಕು ಎಂದಳು.

ಅವಳು ಹೇಳಿದಳು, ನಾನು ಬರೆದುಕೊಂಡೆ. ಸಂಜೆ ಕೂತು ಅದನ್ನು ಪುಟಕ್ಕೆ ಒಪ್ಪುವಂತೆ ಚೆನ್ನಾಗಿ ತಿದ್ದಿದೆ. ಮರುದಿನ ಅವಳಿಗೆ ಓದಿ ಹೇಳಿದೆ. 'ಕಲಾವಿದೆಯ ದನಿ ಆಕೆಯ ಅಸ್ಮಿತೆ' ಎಂದು ಶುರುವಾಗಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ಚೆನ್ನಾಗಿದೆ, ಆದರೆ ಇದನ್ನು ಆಡಿದವರು ಯಾರು ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕೇಳಿದಳು. ಯಂತ್ರ ಅವಳ ದನಿ ಇಟ್ಟುಕೊಂಡು ಮಾತು ಬದಲಿಸಿತ್ತು. ನಾನು ಮಾತು ಇಟ್ಟುಕೊಂಡು ದನಿ ಬದಲಿಸಿದ್ದೆ. ತಿದ್ದಿದ್ದನ್ನು ಬದಿಗಿಟ್ಟು ಹೊಸದಾಗಿ ಕೂತೆವು. ಐತಿ ಅಂದದ್ದನ್ನು ಐತಿ ಎಂದೇ ಬರೆದೆ, ಮನಿಯನ್ನು ಮನಿ ಎಂದೇ ಬಿಟ್ಟೆ. ಎಲ್ಲಿ ಉಸಿರು ತೆಗೆದುಕೊಂಡಳೋ ಅಲ್ಲಿ ವಾಕ್ಯ ಮುಗಿಸಿದೆ. ಶೀರ್ಷಿಕೆ ಹುಡುಕುವ ಕೆಲಸವೇ ಇರಲಿಲ್ಲ. ಮೊದಲ ದಿನ ನನ್ನ ಮೇಜಿನ ಮುಂದೆ ಕೂತು ಅವಳು ಆಡಿದ ಮೊದಲ ಮಾತನ್ನೇ ಹಾಕಿದೆ. ಅದರ ಕೆಳಗೆ, ಎರಡೂ ಹಾಡು ಕೇಳಿ ನನಗೇನು ತಿಳಿಯಿತು ಎಂಬುದನ್ನು ನನ್ನ ಹೆಸರಿನಲ್ಲಿ ಬೇರೆಯಾಗಿ ಬರೆದೆ. ಅಭ್ಯರ್ಥಿಗೂ ಹೇಳಿ ಕಳಿಸಿದೆ: ನೀವು ಉತ್ತರ ಕೊಟ್ಟರೆ ಅಷ್ಟೇ ದೊಡ್ಡದಾಗಿ, ಅದೇ ಪುಟದಲ್ಲಿ ಹಾಕುತ್ತೇವೆ.

ಪುಟ ನೋಡಿ ಸಾವ್ಕಾರರು ನನ್ನನ್ನು ಕೆಳಗೆ ಗೋದಾಮಿಗೆ ಕರೆಸಿದರು. ಚೀಲಗಳ ಮಧ್ಯೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಕಷ್ಟ ನನಗೆ ಗೊತ್ತಿತ್ತು. ಅದೇ ಅಭ್ಯರ್ಥಿಯ ಜಾಹೀರಾತು ಮುಖಪುಟದಲ್ಲಿ ಬರುತ್ತಿತ್ತು. ಮತದಾನ ಮುಗಿಯುವ ತನಕ ತಡೆದರೆ ಆಗದೇ ಎಂದು ಕೇಳಿದರು. ಆಗ ಹಾಕಿದರೆ ಅವಳಿಗೇನು ಉಪಯೋಗ, ಮದುವೆ ಕಾಲ ಮುಗಿದಿರುತ್ತದೆ ಎಂದೆ. ಭಾಷೆಯ ಬಗ್ಗೆಯೂ ಅವರಿಗೆ ಮುಜುಗರವಿತ್ತು. ಅಭಿಪ್ರಾಯ ಪುಟದಲ್ಲಿ ಹೀಗೆ ಸಂತಿ ಮಾತು ಬಂದರೆ ಓದಿದವರು ನಗುವುದಿಲ್ಲವೇ ಎಂಬುದು ಅವರ ಅನುಮಾನ. ನೀವು ಈಗ ನನ್ನ ಜೊತೆ ಮಾತಾಡುತ್ತಿರುವುದು ಯಾವ ಭಾಷೆ ಸಾವ್ಕಾರ್ರೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಈ ಪುಟ ಹೀಗೆ ಬರದಿದ್ದರೆ ನಾಳೆಯಿಂದ ನನಗೆ ಇಲ್ಲಿ ಕೆಲಸವಿಲ್ಲ ಎಂದಷ್ಟೇ ಹೇಳಿದೆ. ಬೆದರಿಕೆಗೆ ಹೇಳಿದ್ದಲ್ಲ. ಅದು ಇದ್ದದ್ದೇ ಹಾಗೆ.

ಅವರು ಪಕ್ಕದ ಚೀಲಕ್ಕೆ ಕೈ ಹಾಕಿದರು. ಅಂಗೈಯಲ್ಲಿ ನಾಲ್ಕು ಕಾಳು ಮೆಕ್ಕೆಜೋಳ ಇಟ್ಟುಕೊಂಡು ಉಜ್ಜಿದರು. ನಂತರ ಎರಡೂ ಹಾಡನ್ನು ತಮಗೂ ಕೇಳಿಸಿ ಎಂದರು. ಕೇಳಿಸಿದೆ. ಹಮಾಲರೂ ಚೀಲ ಇಳಿಸಿ ನಿಂತು ಕೇಳಿದರು. ಶ್ರುತಿ, ಉಸಿರಿನ ಲೆಕ್ಕ ಸಾವ್ಕಾರರಿಗೆ ಬೇಕಾಗಲಿಲ್ಲ.

"ನಮ್ಮ ಗಿರಿಜಾನ ಮದಿವ್ಯಾಗ ಹಾಡಿದ್ಲು ಈಕಿ," ಎಂದರು. "ಮಗಳನ್ನ ಕಳಸೋ ಹಾಡು ಹಾಡೋ ಮುಂದ ಆಕಿ ಗಂಟಲ ಕಟ್ಟಿತ್ತು. ನಾ ಅವತ್ತು ಕಂಬದ ಹಿಂದ ನಿಂತು ಅತ್ತೀನಿ. ಇದ್ರಾಗ ಅದಿಲ್ಲ ಮೇಡಮ್ಮಾರೆ. ಹಾಕ್ರಿ."

ಮುಖಪುಟದ ಜಾಹೀರಾತನ್ನೂ ತೆಗೆಯಲಿಲ್ಲ. ಹೊರಗೆ ಅವರಿರಲಿ, ಒಳಗೆ ಇವಳಿರಲಿ ಎಂದರು. ಆ ವ್ಯಾಪಾರಿಯ ಬಗ್ಗೆ ನನಗೆ ಅವತ್ತು ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಮಾಡಿದ ಗೆಳೆಯರು ಮಾಲೀಕರ ಬಗ್ಗೆ ಮಾತಾಡುವಾಗ ನಾನು ನಮ್ಮ ಗೋದಾಮಿನ ಕತೆ ಹೇಳುತ್ತೇನೆ.

ಮರುದಿನ ಪತ್ರಿಕೆ ಹೊರಟಿತು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಬ್ಬರು ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಅದನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ಸುತ್ತ ಮಂದಿ ಕೂಡಿದ್ದರಂತೆ. ಹಡಗಲಿಯಿಂದ ನನ್ನ ತಾಯಿ ಫೋನು ಮಾಡಿ, ಮಲ್ಲಿಗೆ ಬಿಡಿಸುವ ಹೆಂಗಸರಿಗೆ ತಾನೇ ಓದಿ ಹೇಳಿದೆ, ಯಾರಿಗೂ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಲಿಲ್ಲ ಎಂದಳು. ನನ್ನ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದು ನನಗೆ ಗೊತ್ತಿದ್ದಂತೆ ಅದೇ ಮೊದಲು. ಆ ಸಂಜೆ ಆಟೋಗಳಲ್ಲಿ ಆ ಹಾಡು ನಿಂತಿತು. ಅಭ್ಯರ್ಥಿಯ ಉತ್ತರವೂ ಬಂತು. ಪ್ರಚಾರದ ಹುಡುಗರು ತನಗೆ ತಿಳಿಸದೆ ಮಾಡಿದ್ದು, ಹಾಲಮ್ಮನವರು ಹಾಡಿಲ್ಲ, ಅವರಿಗೆ ಆದ ನೋವಿಗೆ ವಿಷಾದವಿದೆ ಎಂದು ಹೆಸರು ಹಾಕಿ ಬರೆದಿದ್ದರು. ಕೊಟ್ಟ ಮಾತಿನಂತೆ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಿದೆ. ಅವರು ಅಷ್ಟು ಬರೆದದ್ದು ಸಣ್ಣ ಮಾತಲ್ಲ ಎಂದೇ ಈಗಲೂ ಅಂದುಕೊಂಡಿದ್ದೇನೆ.

ಕೂಡ್ಲಿಗಿ ಕಡೆಯ ಮನೆಯವರು ಎಲೆ ಅಡಿಕೆ ಹಿಡಿದು ತಂಬ್ರಹಳ್ಳಿಗೆ ಬಂದರು. ಹಾಲಮ್ಮ ಅವರನ್ನು ಅಂಗಳದಲ್ಲಿ ಚೆನ್ನಾಗಿ ಕಾಯಿಸಿ ಆಮೇಲೆ ಒಪ್ಪಿಕೊಂಡಳೆಂದು ರೇಣುಕಾ ನಗುತ್ತ ಹೇಳಿದಳು.

ಎದುರು ಪಕ್ಷದವರು ಶಾಲು ಹಿಡಿದು ಬಂದ ದಿನ ನಾನೂ ಅಲ್ಲಿದ್ದೆ, ಪತ್ರಿಕೆಯ ಪ್ರತಿ ಕೊಡಲು ಹೋಗಿದ್ದೆ. ಅವರು ಅವಳ ಧೈರ್ಯವನ್ನು ಹೊಗಳಿದರು. ನಾಳೆ ನಮ್ಮ ಸಭೆಗೆ ಬಂದು ಒಂದು ಹಾಡು ಹಾಡಬೇಕು, ನಿಮ್ಮ ದನಿ ಕದ್ದವರಿಗೆ ಅದೇ ಉತ್ತರ ಎಂದರು. ಹಾಲಮ್ಮ ಶಾಲನ್ನು ಮಡಿಚಿ ಅವರ ಕೈಗೇ ಕೊಟ್ಟಳು.

"ನನ್ನ ಓಟು ಅವಂಗೇ ಐತ್ರಿ," ಎಂದಳು. "ನಮ್ಮೂರ ಹುಡಿಗೇರು ಕಾಲೇಜಿಗೆ ಹೋಗಾಕ ಬಸ್ಸು ಬಿಡಿಸ್ಯಾನ. ಅದು ಬ್ಯಾರೆ ಮಾತು, ಇದು ಬ್ಯಾರೆ ಮಾತು."

ಬಂದವರ ಮುಖ ಹೇಗಾಯಿತೋ, ನನ್ನ ಮುಖವೂ ಹಾಗೇ ಆಗಿರಬೇಕು. ನಾನು ಇಷ್ಟು ದಿನ ಅವಳನ್ನು ಆ ಅಭ್ಯರ್ಥಿಯ ವಿರೋಧಿ ಎಂದೇ ಎಣಿಸಿದ್ದೆ. ಸಾವ್ಕಾರರೂ ಹಾಗೇ ಎಣಿಸಿದ್ದರು, ಊರೂ ಹಾಗೇ. ಅವಳು ಮಾತ್ರ ಎಲ್ಲೂ ಹಾಗೆ ಹೇಳಿರಲೇ ಇಲ್ಲ. ಅಭ್ಯರ್ಥಿ ಗೆದ್ದರು. ಅವಳ ಓಟಿನಿಂದಲೂ ಗೆದ್ದರು.

ಫಲಿತಾಂಶ ಬಂದ ವಾರ ನಾನು ನನ್ನ ಹೆಸರಿನಲ್ಲಿ ಒಂದು ಲೇಖನ ಬರೆದೆ. ಹಾಡುವವರು ಚುನಾವಣೆಯ ಕಣದಿಂದ ದೂರ ಉಳಿಯಬೇಕು, ಹಾಲಮ್ಮ ಶಾಲು ಮರಳಿಸಿ ಅದನ್ನೇ ತೋರಿಸಿಕೊಟ್ಟಿದ್ದಾಳೆ ಎಂಬುದು ಅದರ ಸಾರ. ಬರೆದು ನನಗೇ ಖುಷಿಯಾಗಿತ್ತು. ಮೊದಲ ಮಳೆ ಬಿದ್ದು ಧೂಳು ಅಡಗಿದ ಒಂದು ಬೆಳಿಗ್ಗೆ ಹಾಲಮ್ಮ ಬಸ್ಸು ಹತ್ತಿ ಬಂದಳು. ಈ ಸಲ ಸೊಸೆಯನ್ನೂ ಕರೆತಂದಿರಲಿಲ್ಲ. ನನ್ನ ಲೇಖನವನ್ನು ನನ್ನ ಬಾಯಿಂದಲೇ ಓದಿಸಿದಳು. ಅವಳ ಹೆಸರು ಬಂದ ಕಡೆ ಕೈಯೆತ್ತಿ ನಿಲ್ಲಿಸಿದಳು. ತಾನು ಹಾಗೆ ಹೇಳಲೇ ಇಲ್ಲ ಎಂದಳು.

ಆಮೇಲೆ ಒಂದು ಹಳೆಯ ವಿಷಯ ಹೇಳಿದಳು. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಊರಿಗೆ ಕುಡಿಯುವ ನೀರಿಲ್ಲದೆ ಹೆಂಗಸರೆಲ್ಲ ತಾಲ್ಲೂಕು ಕಚೇರಿಯ ಮುಂದೆ ಕೊಡ ಇಟ್ಟುಕೊಂಡು ಕೂತಿದ್ದರಂತೆ. ಕೂಗಿದರೆ ಯಾರೂ ಹೊರಗೆ ಬರಲಿಲ್ಲ. ಇವಳು ಬೀಸುವ ಕಲ್ಲಿನ ಹಾಡಿನ ಧಾಟಿಗೆ ಅಲ್ಲೇ ಮಾತು ಕಟ್ಟಿ, ಒಳಗೆ ಕೂತವರ ಹೆಸರು ಹಿಡಿದು ಹಾಡಿದಳು. ಎಲ್ಲರೂ ದನಿಗೂಡಿಸಿದರು. ಬಾಗಿಲು ತೆರೆಯಿತು. ಅದು ರಾಜಕಾರಣ ಅಲ್ಲವೇ ಎಂದು ಕೇಳಿದಳು.

ನಾನು ಸುಲಭವಾಗಿ ಬಿಡಲಿಲ್ಲ. ನೀರು ಎಲ್ಲರದು, ಪಕ್ಷ ಎಲ್ಲರದಲ್ಲ ಎಂದೆ. ಪಕ್ಷಕ್ಕೆ ಹಾಡಿದ ಗಾಯಕಿಯ ಸೋಬಾನೆಯನ್ನು ಎದುರು ಪಕ್ಷದ ಮನೆಯ ಹುಡುಗಿ ಮನಸ್ಸಿಟ್ಟು ಕೇಳುತ್ತಾಳೆಯೇ ಎಂದು ಕೇಳಿದೆ. ಕೂಡ್ಲಿಗಿಯವರು ಕರೆಯುವುದಿಲ್ಲ ಎಂದದ್ದು ಮರೆತೆಯಾ ಎಂದೆ. ಅವಳು ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಕರೆಯದಿದ್ದರೆ ಅವರ ಮದುವೆ ಸಪ್ಪೆಯಾಗುತ್ತದೆ, ನನಗೇನು ಎಂದಳು. ಚಹ ಬಂತು, ಆರಿತು, ಮತ್ತೊಮ್ಮೆ ತರಿಸಿದೆ. ಕೆಲಸಕ್ಕೆ ಬಂದವರೆಲ್ಲ ಸುತ್ತ ನಿಂತಿದ್ದರು. ಅಷ್ಟು ಒಳ್ಳೆಯ ಜಗಳ ನಾನು ಬಳ್ಳಾರಿಯ ಯಾವ ಸಂಪಾದಕರ ಜೊತೆಗೂ ಆಡಿರಲಿಲ್ಲ.

"ಹಾಡು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅನ್ನೋದು ಹಾಡಾಕಿ ಹೇಳಬೇಕು ತಂಗಿ," ಎಂದಳು ಕೊನೆಗೆ. "ಆ ಯಂತ್ರಾನೂ ಹೇಳಬಾರದು, ನೀನೂ ಹೇಳಬಾರದು. ಬರಕೋ ಇದನ್ನ."

ಬರೆದುಕೊಂಡೆ. ಒಂದು ಅಕ್ಷರ ತಿದ್ದಲಿಲ್ಲ. ಓದಿ ಹೇಳಿದೆ, ತಲೆಯಾಡಿಸಿದಳು. ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನಿನ್ನ ಮಾತು ನೀ ಬಿಟ್ಟೀಯೇನು?"

"ಇಲ್ಲಬೇ," ಎಂದೆ.

"ನಾನೂ ಬಿಟ್ಟಿಲ್ಲ. ಎರಡೂ ಹಾಕು."

ಮರುದಿನ ಎರಡನ್ನೂ ಹಾಕಿದೆ, ಒಂದರ ಪಕ್ಕ ಒಂದು, ಒಂದೇ ಅಳತೆಯಲ್ಲಿ. ಅವಳದನ್ನು ಎಡಗಡೆಗೆ ಇಟ್ಟೆ, ಪುಟ ತೆರೆದವರ ಕಣ್ಣು ಮೊದಲು ಬೀಳುವ ಕಡೆಗೆ.